ಕೋಳಿಗಳಿಗೆ ಶೋಧಿಸಿದ ಕುಡಿಯುವ ನೀರು

ಕೋಳಿಯ ಸಾಕಣೆಯಲ್ಲಿ ಲಾಭವನ್ನು ಅಪೇಕ್ಷಿಸುವ ಭೂಮಾಲೀಕರು ತಳಿಯ ವಿಷಯದಲ್ಲಿಯೂ ಆಹಾರದ ವಿಷಯದಲ್ಲಿಯೂ ಬಹಳ ವಿಚಾರ ಮಾಡುವರು. ಮುಸುಕಿನ ಜೋಳದ ಧಾರಣೆಯು ಏರಿತೆ ಇಳಿಯಿತೆ, ಹಿಂಡಿಯಲ್ಲಿ ಕಲಬೆರಕೆಯುಂಟೆ, ಗಿರಿರಾಜ ತಳಿಯು ಮೇಲೋ ನಾಟಿ ಕೋಳಿಯು ಮೇಲೋ ಎಂಬ ಪ್ರಶ್ನೆಗಳು ಜಗಲಿಯ ಮೇಲೆ ಆಗಾಗ್ಗೆ ಚರ್ಚೆಗೆ ಬರುವುವು. ಆದರೆ ಕೋಳಿಮನೆಯ ಮೂಲೆಯಲ್ಲಿರುವ ನೀರಿನ ಬೋಗುಣಿಯಲ್ಲಿ ಏನಿರುವುದೆಂದು ಬಗ್ಗಿ ನೋಡುವ ಯಜಮಾನರು ಅಪರೂಪ. ಆ ಬೋಗುಣಿಯ ಒಳಮೈಯನ್ನು ಬೆರಳಿನಿಂದ ತಡವಿದರೆ ಲೋಳೆಯು ಹತ್ತುವುದು. ತಳದಲ್ಲಿ ಹಿಕ್ಕೆಯೂ ಹೊಟ್ಟೂ ಕೊಳೆತ ಕಾಳೂ ಕೂಡಿರುವುವು. ಬೆಲೆಕೊಟ್ಟು ತಂದ ಆಹಾರವನ್ನು ಕೋಳಿಯು ಆ ನೀರಿನೊಡನೆಯೇ ನುಂಗಬೇಕಾಗಿರುವುದು. ಆಹಾರಕ್ಕೆ ಮಾಡುವ ವೆಚ್ಚದಲ್ಲಿ ನೂರರಲ್ಲಿ ಒಂದು ಪಾಲನ್ನು ನೀರಿನ ಶುದ್ಧಿಗೆ ಮಾಡಿದರೂ ಸಾಕಾಗುವಲ್ಲಿ, ಅದನ್ನು ಮಾಡದೆ ಇಡೀ ಹಿಂಡನ್ನು ಅಪಾಯಕ್ಕೊಡ್ಡುವುದು ವಿವೇಕದ ಲಕ್ಷಣವಲ್ಲ.

ಈ ವಿಷಯವು ಬೆಂಗಳೂರಿನ ದಕ್ಷಿಣ ಭಾಗದ ಗ್ರಾಮಗಳಿಗೆ ವಿಶೇಷವಾಗಿ ಅನ್ವಯಿಸುವುದು. ಈಗ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆ ಎಂದು ಕರೆಯಲ್ಪಡುವ ಪ್ರದೇಶವು ಹಿಂದೆ ರಾಗಿಯ ಹೊಲಗಳಿಂದಲೂ ತೋಟಗಳಿಂದಲೂ ಕೆರೆಗಳಿಂದಲೂ ಕೂಡಿದ ಹಳ್ಳಿಗಾಡಾಗಿದ್ದಿತು. ಜಯನಗರಕ್ಕೆ ಅಸ್ತಿಭಾರವು ಬಿದ್ದುದು 1948ರಲ್ಲಿ. ಬಿ.ಟಿ.ಎಂ. ಎಂಬ ಮೂರಕ್ಷರಗಳು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಗ್ರಾಮಗಳ ಹೆಸರುಗಳ ಮೊದಲಕ್ಷರಗಳಲ್ಲದೆ ಬೇರೆಯಲ್ಲ. ಆ ಕಾಲದ ಒಕ್ಕಲು ಮನೆಗಳ ಕೋಳಿಗಳು ಕೆರೆಯ ಅಂಚಿನಲ್ಲಿಯೋ ಬಾವಿಕಟ್ಟೆಯ ಕೆಳಗೋ ನಿಂತ ನೀರನ್ನು ಕುಡಿಯುತ್ತಿದ್ದುವು. ಆ ನೀರಿಗೆ ಮೇಲಿನ ಹೊಲಗಳ ಮಣ್ಣು ಬರುತ್ತಿದ್ದಿತೇ ಹೊರತು ಸಾವಿರಾರು ಮನೆಗಳ ಚರಂಡಿಯ ನೀರು ಬರುತ್ತಿರಲಿಲ್ಲ. ಈಗ ಸಾರಕ್ಕಿ, ಯಡಿಯೂರು, ಪುಟ್ಟೇನಹಳ್ಳಿ, ಮಡಿವಾಳದ ಕೆರೆಗಳು ಉಳಿದಿದ್ದರೂ ಅವುಗಳ ಸುತ್ತಲಿನ ಭೂಮಿಯು ಊರಾಗಿರುವುದು. ರಾಜಕಾಲುವೆಗಳಲ್ಲಿ ಹರಿಯುವುದು ಬರಿಯ ಮಳೆಯ ನೀರಲ್ಲ.

ನಗರದ ಜನರಿಗೆ ಶುದ್ಧವಾದ ನೀರನ್ನು ಒದಗಿಸಲು ಸರ್ಕಾರವು ಬಹುಕಾಲದಿಂದ ಪ್ರಯತ್ನಿಸುತ್ತ ಬಂದಿರುವುದು. 1894ರಲ್ಲಿ ಹೆಸರಘಟ್ಟದ ಜಲಾಶಯವೂ, 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವೂ, 1974ರಲ್ಲಿ ಕಾವೇರಿಯ ಮೊದಲನೆಯ ಹಂತವೂ ಏರ್ಪಟ್ಟುವು. 2007ರಲ್ಲಿ ನಗರದ ಎಲ್ಲೆಯೊಳಕ್ಕೆ ಬಂದ 110 ಗ್ರಾಮಗಳಿಗಾಗಿ ಉದ್ದೇಶಿಸಿದ ಐದನೆಯ ಹಂತದ ಕಾವೇರಿ ಯೋಜನೆಯು 2024ರ ಅಕ್ಟೋಬರ್ ತಿಂಗಳಲ್ಲಿ ಪ್ರಾರಂಭವಾಯಿತು. ಆದರೆ ಕನಕಪುರದ ರಸ್ತೆ, ಬನ್ನೇರುಘಟ್ಟದ ರಸ್ತೆಗಳ ಆಚೆ ತೋಟಗಳನ್ನಿಟ್ಟುಕೊಂಡು ಕೋಳಿಗಳನ್ನು ಸಾಕುವ ಭೂಮಾಲೀಕರಲ್ಲಿ ಬಹುಮಂದಿಗೆ ಕೊಳವೆಬಾವಿಯೇ ಆಧಾರ. ಅದು ಬತ್ತಿದಾಗ ಟ್ಯಾಂಕರಿನ ನೀರು. ಕೊಳವೆಬಾವಿಯ ನೀರು ಸ್ವಚ್ಛವಾಗಿ ಕಾಣುವುದು. ಟ್ಯಾಂಕರಿನ ನೀರು ಎಲ್ಲಿಯದೆಂಬುದು ತಂದವನಿಗೇ ಗೊತ್ತು. ಇವೆರಡನ್ನೂ ಪರೀಕ್ಷಿಸದೆ ಕೋಳಿಗಳ ಮುಂದಿಡುವುದು ವಾಡಿಕೆಯಾಗಿ ಹೋಗಿರುವುದು.

ಕೋಳಿಯ ದೇಹಕ್ಕೆ ನೀರು ಎಷ್ಟರಮಟ್ಟಿಗೆ ಅವಶ್ಯಕವೆಂಬುದನ್ನು ಮೊದಲು ತಿಳಿಯಬೇಕು. ಕೋಳಿಯು ತಾನು ತಿನ್ನುವ ಆಹಾರದ ತೂಕಕ್ಕೆ ಸುಮಾರು ಎರಡರಷ್ಟು ತೂಕದ ನೀರನ್ನು ಕುಡಿಯುವುದು. ಮೊಟ್ಟೆಯಿಡುವ ಹೇಂಟೆಯು ದಿನಕ್ಕೆ 110ರಿಂದ 120 ಗ್ರಾಂ ಆಹಾರವನ್ನು ತಿಂದು 200ರಿಂದ 250 ಮಿಲಿಲೀಟರು ನೀರನ್ನು ಕುಡಿಯುವುದು. ಅಂದರೆ ನೂರು ಹೇಂಟೆಗಳಿಗೆ ದಿನಕ್ಕೆ 25 ಲೀಟರು, ಎಂದರೆ ಸುಮಾರು ಎರಡು ಕೊಡ ನೀರು ಸಾಕು. ಕಡುಬೇಸಗೆಯಲ್ಲಿ ಇದು ಇಮ್ಮಡಿಯಾಗುವುದೂ ಉಂಟು. ಕೋಳಿಗೆ ಮನುಷ್ಯನಂತೆ ಬೆವರುವ ಗ್ರಂಥಿಗಳಿಲ್ಲ. ಸೆಖೆಯಾದಾಗ ಅದು ಬಾಯ್ದೆರೆದು ಏದುಸಿರು ಬಿಡುತ್ತ, ಉಸಿರಿನೊಡನೆ ಹೊರಹೋಗುವ ನೀರಿನ ಆವಿಯಿಂದಲೇ ದೇಹದ ಕಾವನ್ನು ತಗ್ಗಿಸಿಕೊಳ್ಳಬೇಕು.

ಇನ್ನು ಮೊಟ್ಟೆಯ ತೂಕದಲ್ಲಿ ಮೂರರಲ್ಲಿ ಎರಡು ಪಾಲು ನೀರೇ ಆಗಿರುವುದು. ಒಂದು ದಿನ ನೀರು ತಪ್ಪಿದರೆ ಮೊಟ್ಟೆಯಿಡುವುದು ಕುಗ್ಗಿ, ಮರಳಿ ಮೊದಲಿನ ಸ್ಥಿತಿಗೆ ಬರಲು ಹಲವು ದಿನಗಳು ಹಿಡಿಯುವುವು. ದೇಹದ ನೀರಿನಲ್ಲಿ ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ಕೋಳಿಯು ತೀವ್ರವಾಗಿ ಬಳಲುವುದು. ಐದರಲ್ಲಿ ಒಂದು ಪಾಲು ಹೋದರೆ ಸಾಯುವುದು. ನೀರು ಹೊಲಸಾಗಿದ್ದರೂ ಬಿಸಿಲಿನಲ್ಲಿ ಕಾದಿದ್ದರೂ ಕೋಳಿಯು ಬೇಕಾದಷ್ಟು ಕುಡಿಯುವುದಿಲ್ಲ. ಕುಡಿಯದಿದ್ದರೆ ತಿನ್ನುವುದೂ ಇಲ್ಲ. ಹೀಗೆ ಕೆಟ್ಟ ನೀರು ರೋಗವನ್ನು ತರದಿದ್ದಾಗಲೂ ನಷ್ಟವನ್ನು ತಪ್ಪದೆ ತರುವುದು.

ನೀರಿನ ದೋಷಗಳು ಮೂರು ಬಗೆ. ಮೊದಲನೆಯದು ಕಣ್ಣಿಗೆ ಕಾಣುವ ಮಣ್ಣು, ಕಸ, ಪಾಚಿ, ಕಬ್ಬಿಣದ ಕೆಂಪು ಗಸಿ. ಎರಡನೆಯದು ಕಣ್ಣಿಗೆ ಕಾಣದ ಜೀವಾಣುಗಳು. ಬಿಳಿ ಭೇದಿ, ಕೋಳಿ ಕಾಲರಾ ಮೊದಲಾದ ಜಾಡ್ಯಗಳ ಕ್ರಿಮಿಗಳು ರೋಗಪೀಡಿತ ಹಕ್ಕಿಗಳ ಹಿಕ್ಕೆಯಿಂದಲೂ ಬಾಯಿಯ ಲೋಳೆಯಿಂದಲೂ ನೀರಿಗೆ ಬಿದ್ದು, ಒಂದೇ ಬೋಗುಣಿಯಿಂದ ಕುಡಿಯುವ ಇಡೀ ಹಿಂಡಿಗೆ ಹರಡುವುವು. ರಕ್ತಭೇದಿಯನ್ನುಂಟುಮಾಡುವ ಕಾಕ್ಸಿಡಿಯಾ ಎಂಬ ಸೂಕ್ಷ್ಮಜೀವಿಗಳೂ, ಜಂತುಹುಳುಗಳ ಮೊಟ್ಟೆಗಳೂ ಹೀಗೆಯೇ ಬರುವುವು. ಮೂರನೆಯದು ನೀರಿನಲ್ಲಿ ಕರಗಿರುವ ಲವಣಗಳು. ಬೆಂಗಳೂರಿನ ಅನೇಕ ಕೊಳವೆಬಾವಿಗಳ ನೀರು ಗಡುಸಾಗಿರುವುದಲ್ಲದೆ, ಕಕ್ಕಸುಗುಂಡಿಗಳ ಹಾಗೂ ಚರಂಡಿಗಳ ಸಮೀಪದ ಬಾವಿಗಳಲ್ಲಿ ನೈಟ್ರೇಟಿನ ಅಂಶವು ಮಿತಿಮೀರಿರುವುದು ಪರೀಕ್ಷೆಗಳಿಂದ ಕಂಡುಬಂದಿದೆ. ಮನುಷ್ಯರು ಕುಡಿಯುವ ನೀರಿನಲ್ಲಿ ನೈಟ್ರೇಟು ಲೀಟರಿಗೆ 45 ಮಿಲಿಗ್ರಾಂಗಿಂತ ಹೆಚ್ಚಾಗಿರಕೂಡದೆಂದು ಭಾರತೀಯ ಮಾನಕವು ಹೇಳುವುದು.

ಶೋಧಿಸುವುದೆಂದರೇನು, ಅದರಿಂದ ಆಗುವ ಪ್ರಯೋಜನವೆಷ್ಟು, ಆಗದ ಕೆಲಸವೆಷ್ಟು ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಅರಿಯಬೇಕು. ಮರಳಿನ ಮೂಲಕ ಇಳಿದ ನೀರು ಮೊದಲನೆಯ ದೋಷವನ್ನು ಪೂರ್ತಿಯಾಗಿಯೂ ಎರಡನೆಯದನ್ನು ಬಹುಮಟ್ಟಿಗೂ ಕಳೆದುಕೊಳ್ಳುವುದು, ಮೂರನೆಯದನ್ನು ಕಳೆದುಕೊಳ್ಳುವುದಿಲ್ಲ. ಮರಳಿನ ಶಕ್ತಿಗೆ ಚರಿತ್ರೆಯಲ್ಲಿ ಒಂದು ಪ್ರಸಿದ್ಧ ಸಾಕ್ಷ್ಯವುಂಟು. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಕಾಲರಾ ಜಾಡ್ಯವು ಹರಡಿ ಎಂಟು ಸಾವಿರಕ್ಕೂ ಹೆಚ್ಚು ಜನರು ಮಡಿದರು. ಅದಕ್ಕೆ ಅಂಟಿಕೊಂಡಿದ್ದ ಆಲ್ಟೋನಾ ಪಟ್ಟಣದಲ್ಲಿ ಜಾಡ್ಯವು ಅಷ್ಟಾಗಿ ತಲೆಯೆತ್ತಲಿಲ್ಲ. ಎರಡು ಊರುಗಳೂ ಎಲ್ಬ್ ನದಿಯ ನೀರನ್ನೇ ಕುಡಿಯುತ್ತಿದ್ದುವು. ಅದರಲ್ಲಿಯೂ ಆಲ್ಟೋನಾದವರು ಹ್ಯಾಂಬರ್ಗಿನ ಹೊಲಸು ಸೇರಿದ ಕೆಳಗಡೆಯ ನೀರನ್ನು ತೆಗೆದುಕೊಳ್ಳುತ್ತಿದ್ದರು. ಆದರೆ ಅವರು ಅದನ್ನು ಮರಳಿನಲ್ಲಿ ಶೋಧಿಸುತ್ತಿದ್ದರು, ಹ್ಯಾಂಬರ್ಗಿನವರು ಶೋಧಿಸುತ್ತಿರಲಿಲ್ಲ. ಮನುಷ್ಯರಿಗೆ ಇಷ್ಟು ಉಪಕಾರ ಮಾಡಿದ ಉಪಾಯವು ಕೋಳಿಗಳಿಗೆ ಮಾಡಲಾರದೆಂದು ಹೇಳಲು ಕಾರಣವಿಲ್ಲ.

ಶೋಧನೆಯ ಇನ್ನೊಂದು ಪ್ರಯೋಜನವನ್ನು ಅನೇಕರು ಗಮನಿಸಿಲ್ಲ. ನೀರಿನಲ್ಲಿರುವ ಕ್ರಿಮಿಗಳನ್ನು ಕೊಲ್ಲಲು ಬ್ಲೀಚಿಂಗ್ ಪುಡಿಯನ್ನು ಹಾಕುವುದು ಎಲ್ಲರೂ ಬಲ್ಲ ಉಪಾಯವಾಗಿರುವುದು. ಆದರೆ ನೀರಿನಲ್ಲಿ ಮಣ್ಣೂ ಪಾಚಿಯೂ ಕೊಳೆತ ಪದಾರ್ಥವೂ ಇದ್ದರೆ ಪುಡಿಯ ಸತ್ವವೆಲ್ಲ ಅವುಗಳ ಮೇಲೆಯೇ ವ್ಯಯವಾಗಿ, ಕ್ರಿಮಿಗಳ ಪಾಲಿಗೆ ಏನೂ ಉಳಿಯದು. ಮೊದಲು ಶೋಧಿಸಿ ಅನಂತರ ಪುಡಿ ಹಾಕಿದರೆ ಸ್ವಲ್ಪ ಪುಡಿಯಿಂದಲೇ ಕಾರ್ಯವು ನೆರವೇರುವುದು. ಕಾಕ್ಸಿಡಿಯಾಗಳಾದರೋ ಬ್ಲೀಚಿಂಗ್ ಪುಡಿಗೆ ಬಗ್ಗುವ ಜೀವಿಗಳಲ್ಲ. ಅವುಗಳನ್ನು ತಡೆಯಬಲ್ಲುದು ಮರಳೇ. ಆದಕಾರಣ ಶೋಧನೆ, ಕ್ರಿಮಿನಾಶನ, ಪಾತ್ರೆಯ ಶುದ್ಧಿ ಈ ಮೂರೂ ಒಂದಕ್ಕೊಂದು ಸಹಾಯಕವಾದುವು. ಒಂದನ್ನು ಮಾಡಿ ಉಳಿದೆರಡನ್ನು ಬಿಟ್ಟವರು ಫಲ ಕಾಣಲಿಲ್ಲವೆಂದು ದೂರಿದರೆ ಅದು ಉಪಾಯದ ತಪ್ಪಲ್ಲ.

ಇದಕ್ಕೆ ಗ್ರಾಮಗಳಲ್ಲಿ ಸಾಮಾನ್ಯವಾಗಿ ಮೂರು ಆಕ್ಷೇಪಣೆಗಳು ಬರುವುವು. “ನಾಟಿ ಕೋಳಿಯು ತಿಪ್ಪೆಯನ್ನು ಕೆದಕಿ ಬಚ್ಚಲ ನೀರನ್ನು ಕುಡಿದೇ ತಲೆತಲಾಂತರದಿಂದ ಬದುಕಿದೆ, ಅದಕ್ಕೆ ಶೋಧಿಸಿದ ನೀರಿನ ಉಪಚಾರವೇಕೆ?” ಎಂಬುದು ಮೊದಲನೆಯದು. ಈ ಮಾತು ಬದುಕಿದ ಕೋಳಿಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದು. ಹನ್ನೆರಡು ಮರಿಗಳನ್ನು ಒಡೆಸಿದ ಹೇಂಟೆಯ ಹಿಂದೆ ಎರಡು ತಿಂಗಳಾದ ಮೇಲೆ ಎಷ್ಟು ಮರಿಗಳು ಉಳಿದುವೆಂದು ಮನೆಯ ಹೆಂಗಸರನ್ನು ಕೇಳಿದರೆ ಉತ್ತರವು ದೊರೆಯುವುದು. ಹದ್ದು, ಕಾಗೆ, ಮುಂಗುಸಿಗಳು ಒಯ್ದುದು ಕೆಲವಾದರೆ, ಗರಿ ಕೆದರಿಕೊಂಡು ಮೂಲೆಯಲ್ಲಿ ನಿಂತು ಭೇದಿಯಾಗಿ ಸತ್ತುವು ಕೆಲವು. ಸತ್ತ ಮರಿಗಳಿಗೆ ಕಾರಣವನ್ನು ಯಾರೂ ವಿಚಾರಿಸುವುದಿಲ್ಲ, ತಿಪ್ಪೆಗೆಸೆದು ಸುಮ್ಮನಾಗುವರು. ಇದಲ್ಲದೆ ಬಯಲಿನಲ್ಲಿ ಅಲೆಯುವ ನಾಲ್ಕು ಕೋಳಿಗಳಿಗೂ ಒಂದೇ ಸೂರಿನ ಕೆಳಗೆ ಕೂಡಿಹಾಕಿದ ನೂರು ಕೋಳಿಗಳಿಗೂ ಬಹಳ ವ್ಯತ್ಯಾಸವುಂಟು. ಬಯಲಿನ ಕೋಳಿಯು ಒಂದು ಕಡೆಯ ನೀರು ಸೇರದಿದ್ದರೆ ಇನ್ನೊಂದು ಕಡೆ ಹೋಗುವುದು. ಕೂಡಿಹಾಕಿದ ಕೋಳಿಗೆ ಯಜಮಾನನು ಇಟ್ಟ ನೀರೇ ಗತಿ.

ಕೆರೆಯ ನೀರು ನಿರಪಾಯವೆಂಬ ಭಾವನೆಯೂ ಸರಿಯಲ್ಲ. ಚಳಿಗಾಲದಲ್ಲಿ ಕೆರೆಗಳಿಗೆ ದೂರದಿಂದ ಬಾತುಗಳೂ ಇತರ ನೀರುಹಕ್ಕಿಗಳೂ ವಲಸೆ ಬರುವುವು. ಹಕ್ಕಿಜ್ವರದ ವಿಷಾಣುವು ಇಂಥ ಹಕ್ಕಿಗಳ ಹಿಕ್ಕೆಯ ಮೂಲಕ ನೀರಿಗೆ ಸೇರಬಲ್ಲುದು. 2012ರ ಅಕ್ಟೋಬರಿನಲ್ಲಿ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲಿಯೇ ಈ ಜಾಡ್ಯವು ಕಾಣಿಸಿಕೊಂಡು ಅಲ್ಲಿನ ಹಕ್ಕಿಗಳನ್ನು ನಾಶಪಡಿಸಬೇಕಾಯಿತು. ಆ ಪ್ರಸಂಗಕ್ಕೆ ನೀರೇ ಕಾರಣವೆಂದು ಇಲ್ಲಿ ಹೇಳುತ್ತಿಲ್ಲ. ಆದರೆ ಒಂದು ಜಾಡ್ಯವು ಹಿಂಡನ್ನು ಹೊಕ್ಕರೆ ಎಂಥ ನಷ್ಟವಾಗಬಲ್ಲುದೆಂಬುದಕ್ಕೆ ಅದು ನಿದರ್ಶನವು. ಹೀಗಿರಲಾಗಿ ನೀರುಹಕ್ಕಿಗಳು ಈಜುವ ಕೆರೆಯ ನೀರನ್ನು ಹಾಗೆಯೇ ತಂದು ಕೋಳಿಗಳಿಗಿಡುವುದು ತಿಳಿದೂ ತಿಳಿದೂ ಬಾಗಿಲನ್ನು ತೆರೆದಿಟ್ಟಂತೆ.

ಎರಡನೆಯ ಆಕ್ಷೇಪಣೆಯು ಹೆಚ್ಚು ಗಂಭೀರವಾದುದು. “ಜನರಿಗೇ ನೀರಿಲ್ಲದಿರುವಾಗ ಕೋಳಿಗಳಿಗೆ ಶುದ್ಧವಾದ ನೀರನ್ನು ಕೊಡುವುದು ನ್ಯಾಯವೆ?” ಎಂದು ಕೇಳುವರು. 2023ರಲ್ಲಿ ಮಳೆಯು ಕೈಕೊಟ್ಟ ಕಾರಣ 2024ರ ಬೇಸಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಜನರು ಕೊಡಗಳನ್ನು ಹಿಡಿದು ಸಾಲುಗಟ್ಟಿ ನಿಂತುದು ಯಾರೂ ಮರೆತಿಲ್ಲ. ಆ ವರ್ಷದ ಮಾರ್ಚಿಯಲ್ಲಿ ಕುಡಿಯುವ ನೀರಿನಿಂದ ವಾಹನಗಳನ್ನು ತೊಳೆಯುವುದು, ಕೈತೋಟಕ್ಕೆ ಹಾಯಿಸುವುದು ಮುಂತಾದುವನ್ನು ಜಲಮಂಡಳಿಯು ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿಗಳ ದಂಡವನ್ನು ಗೊತ್ತುಮಾಡಿದ್ದಿತು. ಇಂಥ ಕಾಲದಲ್ಲಿ ಊರಿನ ಕುಡಿಯುವ ನೀರಿನಲ್ಲಿ ಪಾಲು ಕೇಳುವ ಯಾವ ಕಸುಬೂ ಗೌರವವನ್ನು ಪಡೆಯಲಾರದು. ಈ ಆಕ್ಷೇಪಣೆಗೆ ಉತ್ತರವು ಕೋಳಿಮನೆಯ ಮೇಲೆಯೇ ಇರುವುದು.

ಲೆಕ್ಕವನ್ನು ನೋಡಬಹುದು. ಹುಲ್ಲು ಹೊಟ್ಟಿನ ಹಾಸಿಗೆಯ ಮೇಲೆ ಸಾಕುವ ನೂರು ಹೇಂಟೆಗಳಿಗೆ, ಒಂದಕ್ಕೆ ಎರಡು ಚದರಡಿಯಂತೆ, ಕನಿಷ್ಠ ಪಕ್ಷ 200 ಚದರಡಿಯ ಮನೆಯು ಬೇಕು. ಅದಕ್ಕೆ ಅಷ್ಟೇ ಮೇಲ್ಛಾವಣಿಯೂ ಇರುವುದು. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 38 ಅಂಗುಲ ಮಳೆಯಾಗುವುದು. 200 ಚದರಡಿಯ ಮೇಲೆ ಅಷ್ಟು ಮಳೆಯು ಬಿದ್ದರೆ ಸುಮಾರು 18,000 ಲೀಟರು ನೀರಾಗುವುದು. ಮೊದಲ ಮಳೆಯ ನೀರನ್ನು ಬಿಟ್ಟುದು, ಚೆಲ್ಲಿಹೋದುದು ಎಲ್ಲವನ್ನೂ ಕಳೆದು ಐದರಲ್ಲಿ ನಾಲ್ಕು ಪಾಲು ಉಳಿದರೆ 14,000 ಲೀಟರಿಗೆ ಕಡಿಮೆಯಿಲ್ಲ. ನೂರು ಹೇಂಟೆಗಳು ವರ್ಷವೆಲ್ಲ ಕುಡಿಯುವುದು, ಬೇಸಗೆಯ ಹೆಚ್ಚಳವನ್ನೂ ಸೇರಿಸಿ, 10,000ದಿಂದ 11,000 ಲೀಟರು. ಅಂದರೆ ಕೋಳಿಗಳ ತಲೆಯ ಮೇಲಣ ಸೂರು ಅವುಗಳು ಕುಡಿಯುವುದಕ್ಕಿಂತ ಹೆಚ್ಚು ನೀರನ್ನು ಒದಗಿಸಬಲ್ಲುದು. ಡಿಸೆಂಬರಿನಿಂದ ಮಾರ್ಚಿಯವರೆಗಿನ ನಾಲ್ಕು ಒಣ ತಿಂಗಳುಗಳಿಗೆ ಸುಮಾರು 3,600 ಲೀಟರು ಬೇಕಾಗುವುದರಿಂದ 5,000 ಲೀಟರಿನ ಮುಚ್ಚಿದ ತೊಟ್ಟಿಯೊಂದಿದ್ದರೆ ಸಾಮಾನ್ಯವಾದ ವರ್ಷದಲ್ಲಿ ಊರಿನ ಬಾವಿಯಿಂದ ಕೋಳಿಗಳಿಗಾಗಿ ನೀರೆತ್ತಬೇಕಾದ ಸಂದರ್ಭವು ವಿರಳವಾಗುವುದು.

ಮಳೆಯ ನೀರಿಗೆ ಮತ್ತೊಂದು ಗುಣವುಂಟು. ಮರಳಿನಿಂದ ಹೋಗದ ಆ ಮೂರನೆಯ ದೋಷ, ಅಂದರೆ ಕರಗಿದ ಲವಣಗಳ ದೋಷವು, ಅದರಲ್ಲಿ ಇಲ್ಲವೆಂದೇ ಹೇಳಬಹುದು. ಅದಕ್ಕಿರುವುದು ಛಾವಣಿಯ ಧೂಳು, ಎಲೆ, ಹಕ್ಕಿಗಳ ಹಿಕ್ಕೆ ಇವುಗಳ ದೋಷ ಮಾತ್ರ. ಅದಾದರೋ ಮರಳಿನಿಂದಲೂ ಬ್ಲೀಚಿಂಗ್ ಪುಡಿಯಿಂದಲೂ ಪರಿಹಾರವಾಗತಕ್ಕುದು. ಬೆಂಗಳೂರು ನಗರದಲ್ಲಿ 2009ರ ಕಾಯಿದೆಯ ತಿದ್ದುಪಡಿಯಿಂದ ದೊಡ್ಡ ನಿವೇಶನಗಳ ಮನೆಗಳಲ್ಲಿ ಮಳೆಯ ನೀರಿನ ಸಂಗ್ರಹವು ಕಡ್ಡಾಯವಾಯಿತು. ಜಯನಗರದ 5ನೆಯ ಬ್ಲಾಕಿನಲ್ಲಿ ಜಲಮಂಡಳಿಯು ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ಮಳೆನೀರಿನ ಸಂಗ್ರಹದ ವಿಧಾನಗಳನ್ನು ತೋರಿಸುವ ಉದ್ಯಾನವನ್ನೇ ನಿರ್ಮಿಸಿರುವುದು. ನಗರದವರು ಕಾಯಿದೆಯ ಬಲವಂತದಿಂದ ಕಲಿತುದನ್ನು ಗ್ರಾಮದವರು ತಮ್ಮ ಲಾಭಕ್ಕಾಗಿ ಕಲಿಯಬಾರದೆಂದಿಲ್ಲ.

ಮೂರನೆಯ ಆಕ್ಷೇಪಣೆಯು ವೆಚ್ಚದ್ದು. ಶೋಧಿಸಿದ ನೀರೆಂದೊಡನೆ ಅನೇಕರು ಪೇಟೆಯಲ್ಲಿ ಮಾರುವ ಆರ್.ಓ. ಯಂತ್ರವನ್ನು ನೆನೆದು ಹಿಂಜರಿಯುವರು. ಆ ಯಂತ್ರವು ಕರಗಿದ ಲವಣಗಳನ್ನು ತೆಗೆಯುವುದು ನಿಜ. ಆದರೆ ಒಂದು ಪಾಲು ಶುದ್ಧ ನೀರನ್ನು ಕೊಡಲು ಅದಕ್ಕಿಂತ ಹೆಚ್ಚು ಪಾಲು ನೀರನ್ನು ಹೊರಚೆಲ್ಲುವುದು ಸಾಮಾನ್ಯ. ನೀರಿನ ಬರವಿರುವ ಸೀಮೆಯಲ್ಲಿ ಕೋಳಿಗಳಿಗಾಗಿ ಅದನ್ನು ನಡೆಸುವುದು ಮೆಚ್ಚತಕ್ಕುದಲ್ಲ. ಪರೀಕ್ಷೆಯಿಂದ ನೀರಿನ ಲವಣವು ಅಪಾಯದ ಮಟ್ಟದಲ್ಲಿದೆಯೆಂದು ತಿಳಿದು, ಮಳೆಯ ನೀರಿನ ಅನುಕೂಲವೂ ಇಲ್ಲದಿದ್ದರೆ ಮಾತ್ರ ಆ ಮಾತನ್ನು ಯೋಚಿಸಬಹುದು. ಉಳಿದವರಿಗೆ ಒಂದು ಪೀಪಾಯಿ, ಸ್ವಲ್ಪ ಜಲ್ಲಿ, ತೊಳೆದ ಮರಳು, ಒಂದು ನಲ್ಲಿ ಇಷ್ಟೇ ಸಲಕರಣೆಯು.

ಇದನ್ನು ಮಾಡುವ ಕ್ರಮವು ಸುಲಭವಾದುದು. 200 ಲೀಟರಿನ ಪೀಪಾಯಿಯೊಂದರ ತಳದ ಬಳಿ ನಲ್ಲಿಯನ್ನು ಕೂಡಿಸಿ, ಅಡಿಯಲ್ಲಿ ಅರ್ಧ ಅಡಿ ದಪ್ಪ ಜಲ್ಲಿಯನ್ನೂ, ಅದರ ಮೇಲೆ ಅಂಗೈಯಗಲದಷ್ಟು ಸಣ್ಣ ಜಲ್ಲಿಯನ್ನೂ, ಅದರ ಮೇಲೆ ಒಂದೂವರೆ ಅಡಿ ಚೆನ್ನಾಗಿ ತೊಳೆದ ಮರಳನ್ನೂ ತುಂಬಬೇಕು. ಮೇಲೆ ತೆಳುವಾದ ಬಟ್ಟೆಯನ್ನು ಕಟ್ಟಿದರೆ ಎಲೆ ಕಸಗಳು ಅಲ್ಲಿಯೇ ನಿಲ್ಲುವುವು. ಬಟ್ಟೆಯನ್ನು ಆಗಾಗ್ಗೆ ಒಗೆಯತಕ್ಕದ್ದು. ಸೂರಿನಂಚಿಗೆ ತಗಡಿನ ದೋಣಿಯನ್ನು ಕಟ್ಟಿ ನೀರನ್ನು ಈ ಪೀಪಾಯಿಗೂ ಅಲ್ಲಿಂದ ತೊಟ್ಟಿಗೂ ಬಿಡಬೇಕು. ಬೇಸಗೆಯ ಕೊನೆಯಲ್ಲಿ ಬೀಳುವ ಮೊದಲ ಎರಡು ಮೂರು ಮಳೆಗಳ ನೀರನ್ನು ಛಾವಣಿ ತೊಳೆಯಲೆಂದು ಹೊರಕ್ಕೆ ಬಿಟ್ಟುಬಿಡಬೇಕು. ನೀರು ಇಳಿಯುವುದು ನಿಧಾನವಾದಾಗ ಮೇಲಿನ ಎರಡಂಗುಲ ಮರಳನ್ನು ತೆಗೆದು ತೊಳೆದು ಹಾಕಿದರೆ ಪೀಪಾಯಿಯು ಮತ್ತೆ ಕೆಲಸಕ್ಕೆ ಬರುವುದು. ತೊಟ್ಟಿಗೆ ಬೆಳಕು ಬೀಳದಂತೆ ಮುಚ್ಚಳವಿರಬೇಕು; ಬೆಳಕಿದ್ದರೆ ಪಾಚಿಯೂ, ಮುಚ್ಚಳವಿಲ್ಲದಿದ್ದರೆ ಸೊಳ್ಳೆಯೂ ಬೆಳೆಯುವುವು.

ಬ್ಲೀಚಿಂಗ್ ಪುಡಿಯನ್ನು ಅಳತೆಯಿಲ್ಲದೆ ಹಾಕಕೂಡದು. ಹೆಚ್ಚಾದರೆ ಕೋಳಿಗಳು ನೀರನ್ನೇ ಮುಟ್ಟುವುದಿಲ್ಲ. ಹೊಸ ಪುಡಿ 6 ಗ್ರಾಂ ತೆಗೆದುಕೊಂಡು ಒಂದು ಲೀಟರು ನೀರಿನಲ್ಲಿ ಕದಡಿ, ಸುಣ್ಣದ ಗಸಿಯು ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಬೇರೆ ಮಾಡಿಕೊಳ್ಳಬೇಕು. ಶೋಧಿಸಿದ ನೀರಿನ ಪ್ರತಿಯೊಂದು ಲೀಟರಿಗೆ ಈ ತಿಳಿಯನ್ನು ಒಂದು ಮಿಲಿಲೀಟರಿನಂತೆ ಬೆರಸಿ, ಅರ್ಧ ಗಂಟೆ ಬಿಟ್ಟು ಕೋಳಿಗಳಿಗಿಡಬೇಕು. ನೂರು ಹೇಂಟೆಗಳ ಒಂದು ದಿನದ ನೀರಿಗೆ 25 ಮಿಲಿಲೀಟರು ಸಾಕು. ಈ ಲೆಕ್ಕದಿಂದ 10,000 ಲೀಟರು ನೀರಿಗೆ ತಗಲುವ ಪುಡಿಯು 60 ಗ್ರಾಂ ಮಾತ್ರ. ತಿಳಿಯೂ ಪುಡಿಯೂ ಗಾಳಿ ಬೆಳಕುಗಳಿಗೆ ತೆರೆದಿಟ್ಟರೆ ಸತ್ವಹೀನವಾಗುವುದರಿಂದ ತಿಳಿಯನ್ನು ಆಗಿಂದಾಗ್ಗೆ ಹೊಸದಾಗಿ ಮಾಡಿಕೊಳ್ಳುತ್ತ, ಪುಡಿಯನ್ನು ಬಿಗಿಯಾದ ಡಬ್ಬಿಯಲ್ಲಿ ಒಣ ಜಾಗದಲ್ಲಿಡಬೇಕು.

ಇಷ್ಟು ಮಾಡಿದ ನೀರನ್ನು ಹೊಲಸು ಬೋಗುಣಿಗೆ ಸುರಿದರೆ ಶ್ರಮವೆಲ್ಲ ವ್ಯರ್ಥವು. ಬೋಗುಣಿಗಳನ್ನು ಪ್ರತಿದಿನವೂ ಬೆಳಗ್ಗೆ ಉಜ್ಜಿ ತೊಳೆದು, ನೆರಳಿನಲ್ಲಿ, ಕೋಳಿಯ ಬೆನ್ನಿನ ಎತ್ತರಕ್ಕೆ ಬರುವಂತೆ ಇಟ್ಟಿಗೆಯ ಮೇಲಿಟ್ಟರೆ ಅವು ನೀರಿನೊಳಕ್ಕೆ ಕಾಲಿಡುವುದೂ ಹೊಟ್ಟನ್ನು ಕೆದರಿ ಹಾಕುವುದೂ ತಪ್ಪುವುವು. ನೀರು ಚೆಲ್ಲಿ ಹಾಸಿಗೆಯ ಹೊಟ್ಟು ಒದ್ದೆಯಾದರೆ ರಕ್ತಭೇದಿಯು ಅಲ್ಲಿಯೇ ಹುಟ್ಟುವುದು. ಕೊಳವೆಗಳ ಮೂಲಕ ನಿಪ್ಪಲುಗಳಿಂದ ನೀರು ಕೊಡುವ ದೊಡ್ಡ ಸಾಕಣೆಗಾರರಿಗೂ ಶೋಧನೆಯು ಲಾಭಕರವೇ. ಮರಳು ಕಣವೂ ಕಬ್ಬಿಣದ ಗಸಿಯೂ ಸಿಕ್ಕಿಕೊಂಡು ನಿಪ್ಪಲುಗಳು ಕಟ್ಟಿಹೋಗುವುದೂ ಸೋರುವುದೂ ಅದರಿಂದ ನಿಲ್ಲುವುವು.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯಕ. ಕೊಕ್ಕರೆ ರೋಗವೆಂದು ಹೆಸರಾದ ರಾಣಿಖೇತ್ ಜಾಡ್ಯಕ್ಕೆ ಲಸಿಕೆಯನ್ನು ಕುಡಿಯುವ ನೀರಿನಲ್ಲಿ ಕೊಡುವ ಪದ್ಧತಿಯುಂಟು. ಆ ಲಸಿಕೆಯಲ್ಲಿರುವುದು ಜೀವಂತವಾದ ವಿಷಾಣು. ಬ್ಲೀಚಿಂಗ್ ಪುಡಿಯು ಅದನ್ನೂ ಕೊಂದುಬಿಡುವುದು. ಆದಕಾರಣ ಲಸಿಕೆ ಕೊಡುವ ದಿನಕ್ಕೆ ಒಂದೆರಡು ದಿನ ಮೊದಲಿನಿಂದ ಮಾರನೆಯ ದಿನದವರೆಗೆ ಪುಡಿಯನ್ನು ನಿಲ್ಲಿಸಿ, ಶೋಧಿಸಿದ ನೀರನ್ನು ಮಾತ್ರ ಉಪಯೋಗಿಸಬೇಕು. ಬೋಗುಣಿಗಳಲ್ಲಿ ಸೋಪಿನ ಅಂಶವೂ ಉಳಿದಿರಕೂಡದು. ಈ ವಿಷಯದಲ್ಲಿ ಪಶುವೈದ್ಯರ ಸೂಚನೆಯಂತೆ ನಡೆಯತಕ್ಕದ್ದು. ಎರಡನೆಯದಾಗಿ, ಶುದ್ಧವಾದ ನೀರು ಸರ್ವರೋಗಗಳಿಗೂ ಮದ್ದಲ್ಲ. ಗಾಳಿಯಿಂದ ಬರುವ, ಹೊಸದಾಗಿ ತಂದ ಕೋಳಿಗಳಿಂದ ಬರುವ, ಸಂತೆಯ ಬುಟ್ಟಿಗಳಿಂದ ಬರುವ ಜಾಡ್ಯಗಳನ್ನು ಅದು ತಡೆಯಲಾರದು. ಶೋಧಿಸಿದ ನೀರನ್ನು ಕೊಟ್ಟು ಲಸಿಕೆಯನ್ನು ಬಿಟ್ಟವನು ಒಂದು ಬಾಗಿಲನ್ನು ಮುಚ್ಚಿ ಇನ್ನೊಂದನ್ನು ತೆರೆದಿಟ್ಟವನಂತೆ.

ಕಡೆಯದಾಗಿ, ಇದು ಒಬ್ಬೊಬ್ಬ ಭೂಮಾಲೀಕರ ಕಾರ್ಯವಷ್ಟೇ ಅಲ್ಲ, ಗ್ರಾಮದ ಮುಖ್ಯಸ್ಥರ ಕರ್ತವ್ಯವೂ ಹೌದು. ಮರಳಿನಿಂದಾಗಲಿ ಕಾಯಿಸುವುದರಿಂದಾಗಲಿ ನೈಟ್ರೇಟು ಹೋಗುವುದಿಲ್ಲ. ಕಾಯಿಸಿದರೆ ನೀರು ಇಂಗಿ ಅದರ ಪ್ರಮಾಣವು ಹೆಚ್ಚುವುದೇ ಸರಿ. ಆ ದೋಷಕ್ಕೆ ಪರಿಹಾರವಿರುವುದು ಬಾವಿಯ ಬುಡದಲ್ಲಿ. ವರ್ಷಕ್ಕೆ ಎರಡು ಸಲ, ಮಳೆಗಾಲದ ಮೊದಲೊಮ್ಮೆ ಅನಂತರವೊಮ್ಮೆ, ಊರಿನ ಬಾವಿಗಳ ನೀರನ್ನು ಜಿಲ್ಲೆಯ ನೀರು ಪರೀಕ್ಷಾಲಯಕ್ಕೆ ಕಳುಹಿಸಿ, ಬಂದ ಫಲಿತಾಂಶವನ್ನು ಪಂಚಾಯಿತಿಯ ಕಚೇರಿಯ ಗೋಡೆಯ ಮೇಲೆ ಎಲ್ಲರೂ ಓದುವಂತೆ ಅಂಟಿಸಬೇಕು. ಬಾವಿಯ ಸಮೀಪದಲ್ಲಿ ಕಕ್ಕಸುಗುಂಡಿಯನ್ನೂ ತಿಪ್ಪೆಯನ್ನೂ, ಸ್ವತಃ ಕೋಳಿಗೊಬ್ಬರದ ರಾಶಿಯನ್ನೂ ಇಡದಂತೆ ನೋಡಿಕೊಳ್ಳಬೇಕು. ಕೋಳಿಯ ಹಿಕ್ಕೆಯೂ ನೈಟ್ರೇಟಿನ ಒಂದು ಮೂಲವೆಂಬುದನ್ನು ಸಾಕಣೆಗಾರರು ಮರೆಯಬಾರದು.

ಕೋಳಿಯ ಆದಾಯವು ಭೂಮಾಲೀಕರ ಲೆಕ್ಕದ ಪುಸ್ತಕದಲ್ಲಿ ಸಣ್ಣ ಬಾಬಾಗಿ ಕಾಣಬಹುದು. ಆದರೆ ಅನೇಕ ಮನೆಗಳಲ್ಲಿ ಮಕ್ಕಳ ಪುಸ್ತಕಕ್ಕೂ, ಹಬ್ಬದ ಬಟ್ಟೆಗೂ, ಹೊತ್ತಿಗೊದಗುವ ಔಷಧಕ್ಕೂ ಮನೆಯಾಕೆಯ ಕೈಯಲ್ಲಿರುವ ಹಣವು ಮೊಟ್ಟೆಯ ಹಣವೇ. ಒಂದು ವಾರದೊಳಗೆ ಹಿಂಡು ಸತ್ತರೆ ಯಜಮಾನನು ಮುಂದಿನ ಬೆಳೆಯನ್ನು ನೆನೆದು ಸಮಾಧಾನ ಮಾಡಿಕೊಳ್ಳುವನು. ಆಕೆಗೆ ಅಂಥ ಸಮಾಧಾನವಿಲ್ಲ. ಅದೂ ಅಲ್ಲದೆ, ಕೋಳಿಗೆ ಹೊಂದದ ಬಾವಿಯ ನೀರನ್ನೇ ಮನೆಯ ಮಕ್ಕಳೂ ಕುಡಿಯುತ್ತಿರುವರೆಂಬುದನ್ನು ನೆನೆದರೆ, ಕೋಳಿಗಳಿಗಾಗಿ ಮಾಡಿಸಿದ ಪರೀಕ್ಷೆಯು ಮಕ್ಕಳಿಗಾಗಿ ಮಾಡಿಸಿದಂತೆಯೇ ಆಗುವುದು. ಬರುವ ಮುಂಗಾರಿಗೆ ಮೊದಲೇ ಪ್ರತಿಯೊಂದು ಗ್ರಾಮದಲ್ಲಿ ಒಬ್ಬರಾದರೂ ಮುಖ್ಯಸ್ಥರು ತಮ್ಮ ಕೋಳಿಮನೆಯ ಸೂರಿಗೆ ದೋಣಿಯನ್ನು ಕಟ್ಟಿಸಿ, ಮರಳಿನ ಪೀಪಾಯಿಯೊಂದನ್ನು ಇಟ್ಟು ತೋರಿಸಿದರೆ, ಉಳಿದವರು ನೋಡಿ ಕಲಿಯುವರು. ಉಪದೇಶಕ್ಕಿಂತ ನೆರೆಯವನ ಹಿತ್ತಿಲಿನಲ್ಲಿ ಕಂಡುದನ್ನೇ ಒಕ್ಕಲು ಮಕ್ಕಳು ಬೇಗ ನಂಬುವರು.